ಬೇಗೂರಿಗೆ ಕಳಿಸಿದ ಕೋಳಿಗಳು

ಜರಗನಹಳ್ಳಿಯ ನಮ್ಮ ಮನೆಯ ಹಿಂದೆ, ಮೇಲಿನ ಬಾಡಿಗೆ ಮನೆಗಳಿಗೆ ಹೋಗುವ ಮೆಟ್ಟಿಲ ಕೆಳಗೆ, ನನ್ನ ಅತ್ತೆ ಕೋಳಿ ಸಾಕುತ್ತಾರೆ. ಹೊಲವಿದ್ದ ಜಾಗದಲ್ಲಿ ಮನೆಗಳೆದ್ದರೂ ಅವರು ಕೋಳಿ ಬಿಡಲಿಲ್ಲ. ನಾನು ಬನಶಂಕರಿಯ ಒಂದು ವಠಾರದಲ್ಲಿ ಬೆಳೆದವಳು. ಮದುವೆಯಾಗಿ ಬರುವವರೆಗೆ ಕೋಳಿಯನ್ನು ಕೈಯಲ್ಲಿ ಹಿಡಿದವಳಲ್ಲ. ನನ್ನ ಮಗಳು ಹಾಗಲ್ಲ, ಅವಳು ನಡೆಯಲು ಕಲಿತದ್ದೇ ಕೋಳಿಮರಿಗಳ ಹಿಂದೆ. ಐದು ವರ್ಷಕ್ಕೆಲ್ಲ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು, ನುಚ್ಚಕ್ಕಿ ಹಾಕುವುದು, ಮೊಟ್ಟೆ ಎತ್ತಿ ತರುವುದು ಅವಳ ಕೆಲಸವಾಯಿತು. ಪುಟ್ಟ ತಮ್ಮ ನೀರಿನ ತಟ್ಟೆ ಹಿಡಿದು, ಅರ್ಧ ಮೈಮೇಲೆ ಚೆಲ್ಲಿಕೊಂಡು, ಅವಳ ಹಿಂದೆ ಹೋಗುತ್ತಿದ್ದ.

ಮೊಟ್ಟೆ ಇಡುವುದು ನಿಲ್ಲಿಸಿದ ಕೋಳಿಯನ್ನು ನನ್ನ ಗಂಡ ಭಾನುವಾರ ಬೆಳಿಗ್ಗೆ, ಮಕ್ಕಳು ಏಳುವ ಮುಂಚೆಯೇ, ಚೀಲದಲ್ಲಿ ಹಾಕಿಕೊಂಡು ಹೋಗಿ ಸಾರಕ್ಕಿಯ ಅಂಗಡಿಯಲ್ಲಿ ಕೊಯ್ಯಿಸಿ ತರುತ್ತಿದ್ದರು. ಮಧ್ಯಾಹ್ನ ಸಾರು, ಮುದ್ದೆ. ಕೋಳಿ ಎಲ್ಲಿ ಎಂದು ಮಗಳು ಮೊದಲ ಸಲ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಬೇಗೂರು. ಅಲ್ಲಿ ಅತ್ತೆಯ ಅಕ್ಕ ಇದ್ದಾರೆ, ಮಕ್ಕಳಿಗೆ ದೊಡ್ಡಜ್ಜಿ. ವಯಸ್ಸಾದ ಕೋಳಿಗಳನ್ನು ದೊಡ್ಡಜ್ಜಿಯ ತೋಟಕ್ಕೆ ಕಳಿಸುತ್ತೇವೆ, ಅಲ್ಲಿ ಆರಾಮಾಗಿ ಮೇಯ್ದುಕೊಂಡಿರುತ್ತವೆ ಎಂದೆ. ಅವಳು ನಂಬಿದಳು.

ಹೀಗೆ ನಾಲ್ಕು ಕೋಳಿಗಳು ಬೇಗೂರಿಗೆ ಹೋದವು. ನಾಲ್ಕನೆಯದು ಒಂದು ಕುಂಟು ಬೂದು ಕೋಳಿ. ಅದು ಮರಿಯಾಗಿದ್ದಾಗ ಬೆಕ್ಕು ಕಾಲು ಹಿಡಿದಿತ್ತು. ಮಗಳೇ ಅಜ್ಜಿಯ ಜೊತೆ ಕೂತು ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಉಳಿಸಿಕೊಂಡಿದ್ದಳು.

ಅವಳಿಗೆ ಎಂಟು ತುಂಬಿದ ವರ್ಷ ದೊಡ್ಡಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ನೋಡಿ ಬರಲು ನಾನೂ ಅತ್ತೆಯೂ ಮಕ್ಕಳನ್ನು ಕರೆದುಕೊಂಡು ಹೋದೆವು. ಅಷ್ಟು ಹೊತ್ತಿಗೆ ನಾನು ಹೇಳಿದ ಸುಳ್ಳು ನನಗೆ ಸುಳ್ಳೆಂದೇ ಅನಿಸುತ್ತಿರಲಿಲ್ಲ. ಕಾಫಿ ಕುಡಿಯುತ್ತಾ ನೋಡಿದರೆ ಮಗಳು ಪಕ್ಕದಲ್ಲಿರಲಿಲ್ಲ. ಹಿತ್ತಲ ಕಡೆ ಹೋದೆ. ಅಲ್ಲಿ ತೋಟ ಎಲ್ಲಿಂದ ಬರಬೇಕು? ಸಿಮೆಂಟ್ ನೆಲ, ಬಾಡಿಗೆಯವರ ಬೈಕುಗಳು, ಒಂದು ಕಾರು. ಮಗಳು ಮಂಡಿಯೂರಿ ಕಾರಿನ ಕೆಳಗೆ ಇಣುಕುತ್ತಿದ್ದಳು. ಮನೆಯಿಂದಲೇ ಕರ್ಚೀಫಿನಲ್ಲಿ ನುಚ್ಚು ಕಟ್ಟಿಕೊಂಡು ಬಂದಿದ್ದಳು. ಅದನ್ನು ಅಂಗೈಯಲ್ಲಿ ಹಿಡಿದು, ಬಾ ಬಾ ಎಂದು ಮೆಲ್ಲಗೆ ಕರೆಯುತ್ತಿದ್ದಳು.

ನಾನು ಏನಾದರೂ ಹೇಳುವ ಮೊದಲೇ ದೊಡ್ಡಜ್ಜಿ ಗೋಡೆ ಹಿಡಿದುಕೊಂಡು ಬಂದು, ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ನಮ್ಮ ಕೋಳಿಗಳನ್ನು ಎಂದಳು.

"ಇಲ್ಲೆಲ್ಲಿ ಕೋಳಿ ಕಣವ್ವ? ನಾವು ಸಾಕೋದ್ ಬಿಟ್ಟು ಹತ್ ವರ್ಷ ಆಯ್ತು."

ಮಗಳು ದೊಡ್ಡಜ್ಜಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ನುಚ್ಚನ್ನು ಒಂದು ಕಾಳೂ ಚೆಲ್ಲದ ಹಾಗೆ ಮತ್ತೆ ಗಂಟು ಕಟ್ಟಿದಳು.

ಆಟೋದಲ್ಲಿ ಅವಳು ಅಜ್ಜಿಯ ಪಕ್ಕ ಕೂತಳು. ಮನೆ ತಲುಪಿ ನಾನು ಬೀಗ ತೆಗೆಯುವಾಗ ಹಿಂದಿನಿಂದ ಕೇಳಿದಳು:

"ಕುಂಟ್ಕೋಳಿ ಹೋಯ್ತಲ್ಲ, ಅವತ್ತು ನೀನು ಸಾರು ಮಾಡಿದ್ದೆ. ನಾನು ತಿಂದಿದ್ದು ಅದನ್ನೇನಾ?"

"ಹೌದು" ಎಂದೆ.

ಅವಳು ಅಳಲಿಲ್ಲ. ಅತ್ತರೆ ಎತ್ತಿಕೊಳ್ಳಬಹುದಿತ್ತು. ಒಂದು ವಾರ ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡಿದಳು, ಜಡೆಯನ್ನೂ ಅಜ್ಜಿಯ ಕೈಯಲ್ಲೇ ಹಾಕಿಸಿಕೊಂಡಳು. ಅತ್ತೆ ನನ್ನನ್ನು ಬೈಯಲಿಲ್ಲ. ನಾವೆಲ್ಲ ಕಣ್ಣಾರೆ ನೋಡಿಕೊಂಡೇ ಬೆಳೆದೆವು, ಮಕ್ಕಳಿಗೆ ಹೇಳಿದರೆ ತಡೆದುಕೊಳ್ಳುತ್ತಾರೆ ಎಂದಷ್ಟೇ ಅಂದರು. ಮಗುವಿನ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ಯೋಚಿಸಿದರೆ, ಅವಳ ಪ್ರಶ್ನೆಯ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ, ಅಷ್ಟೆ.

ಕೆಲವು ತಿಂಗಳ ನಂತರ ಕರಿ ಕೋಳಿಯ ಸರದಿ ಬಂತು. ಹಿಂದಿನ ಸಂಜೆಯೇ ಮಗಳನ್ನು ಕೂರಿಸಿಕೊಂಡು ಹೇಳಿದೆ. ಇಟ್ಟುಕೊಳ್ಳಲು ಆಗುವುದಿಲ್ಲವಾ ಎಂದು ಕೇಳಿದಳು. ಮೆಟ್ಟಿಲ ಕೆಳಗೆ ಇರುವ ಜಾಗ ಇಷ್ಟೇ, ಕಾವಿಗೆ ಕೂತ ಕೋಳಿ ಮರಿ ಮಾಡಿದರೆ ಅವಕ್ಕೂ ಜಾಗ ಬೇಕು ಎಂದೆ. ನೋವಾಗುತ್ತದಾ ಎಂದು ಕೇಳಿದಳು. ಆಗುತ್ತದೆ, ಸ್ವಲ್ಪ ಹೊತ್ತು ಎಂದೆ. ಬೆಳಿಗ್ಗೆ ಅವಳೇ ಎದ್ದು ಬಂದು ಕೋಳಿಗೆ ನೀರು ಕುಡಿಸಿ, ಗೇಟಿನವರೆಗೂ ಎತ್ತಿಕೊಂಡು ಹೋಗಿ, ಅಪ್ಪನ ಕೈಗೆ ಕೊಟ್ಟಳು. ಮಧ್ಯಾಹ್ನ ಮೊಸರನ್ನ ಸಾಕು ಎಂದಳು. ತಮ್ಮ ಸಾರು ಕೇಳಿದ, ಬಡಿಸಿದೆ. ಅವಳು ಅವನನ್ನು ತಡೆಯಲಿಲ್ಲ.

ಅವತ್ತಿನಿಂದ ಅವಳು ಕೋಳಿ ತಿಂದಿಲ್ಲ. ಗೂಡಿನ ಕೆಲಸ ಮಾತ್ರ ಬಿಟ್ಟಿಲ್ಲ. ನನ್ನ ಹತ್ತಿರ ಮೊದಲಿನ ಹಾಗೇ ಬರುತ್ತಾಳೆ, ಸ್ಕೂಲಿನ ಸುದ್ದಿಯೆಲ್ಲ ಹೇಳುತ್ತಾಳೆ. ಆದರೆ ನಾನು ಏನಾದರೂ ಹೇಳಿದರೆ, ನಾಳೆ ರಜ ಎನ್ನುವಷ್ಟು ಸಣ್ಣ ಮಾತಾದರೂ ಸರಿ, ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾಳೆ. ಆಮೇಲೆ "ನಿಜಾನಾ?" ಎಂದು ಕೇಳುತ್ತಾಳೆ. ನಾನು ಪ್ರತಿ ಸಲವೂ ಉತ್ತರ ಕೊಡುತ್ತೇನೆ.