ಸಿಪ್ಪೆಯ ಮೇಲಿನ ಬರಹ

ನಮ್ಮ ಶಾಲೆಯಲ್ಲಿ ವರ್ಷದ ಕೊನೆಗೆ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಂದು, ಅಟ್ಟದ ಮೇಲಿನ ಕಾಯಿ ಇಳಿಸುವುದು. ಇನ್ನೊಂದು, ಗೋಡೆ ಪತ್ರಿಕೆ ಬರೆಯುವುದು. ಎರಡನ್ನೂ ಶುರು ಮಾಡಿದವರು ನನಗಿಂತ ಮುಂಚೆ ಇದ್ದ ಮುಖ್ಯೋಪಾಧ್ಯಾಯರು. ಅವರು ನಿವೃತ್ತರಾದ ಮೇಲೆ ನಾನು ಮುಂದುವರಿಸಿಕೊಂಡು ಬಂದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಾದರೂ ಇದ್ದರೆ ಎರಡಕ್ಕೂ ನಿಯಮ ಹಾಕಿದ್ದು. ನಿಯಮ ಹಾಕುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ನನ್ನ ಮನೆಯವರೂ ಅದನ್ನೇ ಹೇಳುತ್ತಾರೆ, ಹೊಗಳಿಕೆಯ ಧಾಟಿಯಲ್ಲಲ್ಲ.

ಶಾಲೆ ದೊಡ್ಡದೇನಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಇಳಿದು, ತೋಟಗಳ ನಡುವಿನ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ಸಿಗುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿಯವರೆಗೆ ಎಲ್ಲ ಸೇರಿ ಹತ್ತೊಂಬತ್ತು ಮಕ್ಕಳು. ಕಾಗದದ ಮೇಲೆ ಇಬ್ಬರು ಶಿಕ್ಷಕರು; ಅದರಲ್ಲಿ ಒಬ್ಬರನ್ನು ಸದಾ ಇನ್ನೊಂದು ಶಾಲೆಗೆ ಕಳಿಸಿರುತ್ತಾರೆ. ಹಾಗಾಗಿ ಶಾಲೆ ಎಂದರೆ ನಾನು, ಬಿಸಿಯೂಟದ ಅಡುಗೆಯವರು ಮತ್ತು ಮಕ್ಕಳು.

ಕಾಯಿಯ ವಿಷಯ ಹೀಗೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಪ್ರತಿಯೊಂದು ಮಗುವೂ ಮನೆಯಿಂದ ಒಂದು ಬಲಿತ ತೆಂಗಿನಕಾಯಿ ತರಬೇಕು. ಸಿಪ್ಪೆ ಸುಲಿಯದ ಇಡೀ ಕಾಯಿ. ಅದರ ಮೇಲೆ ಹೆಸರು ಬರೆದು, ಹೆಂಚಿನ ಕೊಠಡಿಯ ಅಟ್ಟದ ಮೇಲೆ ಇಡುತ್ತೇವೆ. ನಮ್ಮ ಕಡೆ ಮನೆಮನೆಯ ಅಟ್ಟದಲ್ಲೂ ಕಾಯಿ ಹೀಗೇ ವರ್ಷಗಟ್ಟಲೆ ಕೂತು ಒಳಗೊಳಗೇ ನೀರು ಇಂಗಿ ಕೊಬ್ಬರಿಯಾಗುತ್ತದೆ. ಏಪ್ರಿಲ್‌ನಲ್ಲಿ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಂದರೆ ಕೊಬ್ಬರಿಯಾಗಿದೆ ಎಂದರ್ಥ. ಕೆಲವು ಇನ್ನೂ ನೀರು ಕುಲುಕುತ್ತವೆ, ಒಂದೆರಡು ಕೊಳೆತಿರುತ್ತವೆ. ಸುಲಿದು, ಒಡೆದು, ಬೆಲ್ಲದ ಜೊತೆ ಎಲ್ಲರೂ ಹಂಚಿಕೊಂಡು ತಿಂದರೆ ಆ ವರ್ಷ ಮುಗಿದಂತೆ. ಕಾಯಿ ಒಮ್ಮೆ ಅಟ್ಟ ಹತ್ತಿದರೆ ಕೊನೆಯವರೆಗೂ ಯಾರೂ ಇಳಿಸಬಾರದು ಎನ್ನುವುದು ನನ್ನ ನಿಯಮ.

ಗೋಡೆ ಪತ್ರಿಕೆಯನ್ನು ಐದನೇ ತರಗತಿಯವರು ಬರೆಯುತ್ತಾರೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ವರ್ಷದ ಸುದ್ದಿ. ಕಬಡ್ಡಿಯಲ್ಲಿ ಯಾರು ಗೆದ್ದರು, ಮಕ್ಕಳ ಸಂತೆಯಲ್ಲಿ ಯಾರ ಸೊಪ್ಪು ಮೊದಲು ಖಾಲಿಯಾಯಿತು, ಪ್ರವಾಸದ ಬಸ್ಸಿನಲ್ಲಿ ಯಾರು ವಾಂತಿ ಮಾಡಿಕೊಂಡರು, ಎಲ್ಲವೂ ಅದರಲ್ಲಿ ಬರುತ್ತದೆ. ತಪ್ಪು ಸುದ್ದಿ ಗೋಡೆ ಏರಬಾರದು ಎಂಬುದು ಇಲ್ಲಿಯ ನಿಯಮ. ನಾನು ಕೆಂಪು ಪೆನ್ನಿನಿಂದ ತಿದ್ದಿ, ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ ಮೇಲೆಯೇ ಅದು ಗೋಡೆಗೆ ಹೋಗುವುದು.

ಕಳೆದ ಜೂನ್‌ನಲ್ಲಿ ಕಾಯಿ ತಂದ ದಿನ ಒಬ್ಬ ಹುಡುಗಿಯ ಜೊತೆ ಅವಳ ಅಮ್ಮನೂ ಬಂದಿದ್ದರು. ಹುಡುಗಿ ಐದನೇ ತರಗತಿ, ಅಂದರೆ ನಮ್ಮ ಶಾಲೆಯಲ್ಲಿ ಅವಳಿಗೆ ಕೊನೆಯ ವರ್ಷ. ಬೇರೆ ಮಕ್ಕಳು ಕಾಯಿಯ ಮೇಲೆ ಇದ್ದಿಲಿನಲ್ಲೋ ಮಾರ್ಕರ್ ಪೆನ್ನಿನಲ್ಲೋ ಗೀಚುತ್ತಿದ್ದರು. ಈಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ಕುಡುಗೋಲಿನ ತುದಿಯಿಂದ ಸಿಪ್ಪೆಯ ಮೇಲೆ ಒಂದೊಂದೇ ಅಕ್ಷರ ಕೊರೆಯುತ್ತಿದ್ದರು. ಮಗಳ ಹೆಸರು. ಅದರ ಕೆಳಗೆ ತರಗತಿ. ಅದರ ಕೆಳಗೆ ‘ಪಾಸಾಗು ಮಗಳೇ’ ಎಂದು.

“ಏನ್ರೀ ಇದು, ಕಾಯಿ ಮೇಲೆ ಕಾಗದ ಬರೀತಿದ್ದೀರಾ?” ಎಂದು ನಾನು ಕಿಚಾಯಿಸಿದೆ.

“ಇನ್ನೆಲ್ಲಿ ಬರೀಲಿ ಮಿಸ್? ಏಳ್ನೇ ಕ್ಲಾಸ್ ಬುಟ್ಮೇಲೆ ಸೈನ್ ಹಾಕೋಕ್ ಬುಟ್ರೆ ಪೆನ್ನೇ ಮುಟ್ಟಿಲ್ಲ ನಾನು. ಕುಡ್ಲೇ ನನ್ ಪೆನ್ನು” ಎಂದು ನಕ್ಕರು. ಅಕ್ಷರ ದುಂಡಗೆ ಬಂದಿದ್ದವು. ನಮ್ಮ ಐದನೇ ತರಗತಿಯವರಿಗಿಂತ ಚೆನ್ನಾಗಿದ್ದವು, ಅದನ್ನೂ ಹೇಳಿದೆ. ಅವರಿಗೆ ಖುಷಿಯಾಯಿತು. ತಾವೇ ಏಣಿ ಹತ್ತಿ ಕಾಯಿಯನ್ನು ಅಟ್ಟದ ಮೂಲೆಯಲ್ಲಿಟ್ಟು ಬಂದರು.

ದಸರಾ ರಜೆಯಲ್ಲಿ ಅವರು ತೀರಿಕೊಂಡರು. ಜ್ವರ ಅಂತ ಮೂರು ದಿನ ಮನೆಯಲ್ಲೇ ಮಲಗಿದ್ದರಂತೆ. ತಿಪಟೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕೈ ಮೀರಿತ್ತು. ರಜೆ ಮುಗಿಸಿ ಬಂದ ಹುಡುಗಿಯ ಎರಡು ಜಡೆ ಒಂದು ಜಡೆಯಾಗಿತ್ತು, ಅದೂ ಸೊಟ್ಟಗೆ. ಅಪ್ಪ ಹಾಕಿದ್ದೆಂದು ಕೇಳದೆಯೇ ತಿಳಿಯುತ್ತಿತ್ತು. ಆ ಅಪ್ಪ ಊರಿನ ತೋಟಗಳಲ್ಲಿ ಕಾಯಿ ಸುಲಿಯುವವರು. ನೆಲಕ್ಕೆ ಹಾರೆ ನೆಟ್ಟು ನಿಂತರೆ ಮಾತಾಡುತ್ತಾಡುತ್ತಲೇ ಗುಡ್ಡೆಗಟ್ಟಲೆ ಸುಲಿದು ಹಾಕುತ್ತಾರೆ. ಓದು ಬರಹ ಬಾರದು.

ಫೆಬ್ರವರಿಯ ಒಂದು ಮಧ್ಯಾಹ್ನ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ನಾನು ಮೊಬೈಲಿನಲ್ಲಿ ಇಲಾಖೆಯವರು ಕೇಳಿದ ಯಾವುದೋ ಮಾಹಿತಿ ತುಂಬುತ್ತಿದ್ದೆ. ಸಿಗ್ನಲ್ ಬರುತ್ತಿರಲಿಲ್ಲ, ತಲೆ ಕೆಟ್ಟಿತ್ತು.

“ಮಿಸ್, ನನ್ ಕಾಯಿ ಸುಲಿಸ್ಬೇಡಿ. ಅಮ್ಮ ಬರ್ದಿರೋದು ಐತೆ ಅದ್ರ ಮ್ಯಾಲೆ.”

“ಆಯ್ತು ಕಣೇ.”

“ಈಗ್ಲೇ ತಗಂಡೋಗ್ಲಾ ಮಿಸ್?”

ತಲೆ ಎತ್ತಿ ನೋಡಿದೆ. ತಗೊಂಡು ಹೋಗು ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನಿಯಮ ಇತ್ತಲ್ಲ. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಏಣಿ ಹತ್ತುತ್ತಾರೆ. “ಕೊನೇ ದಿನ ಎಲ್ಲರ ಜೊತೆ ಇಳಿಸೋಣ. ನಿನ್ನದನ್ನ ನಾನೇ ಬೇರೆ ತೆಗೆದಿಡ್ತೀನಿ. ನಂಬಿಕೆ ಇಲ್ವಾ?” ಎಂದೆ.

“ಐತೆ ಮಿಸ್” ಎಂದು ಹೋದಳು.

ಏಪ್ರಿಲ್ ಬಂತು. ಪರೀಕ್ಷೆ ಮುಗಿದು, ಫಲಿತಾಂಶ ಹೇಳುವ ದಿನ ಒಬ್ಬ ಅಧಿಕಾರಿ ಬರುತ್ತಾರೆಂದು ಫೋನ್ ಬಂತು. ನಮ್ಮ ಕಾಯಿಯ ಪದ್ಧತಿ ಅವರ ಕಿವಿಗೆ ಬಿದ್ದಿತ್ತಂತೆ, ಫೋಟೊ ತೆಗೆಯಬೇಕಂತೆ. ನನಗೆ ಹಿಗ್ಗು. ಇಷ್ಟು ವರ್ಷದಲ್ಲಿ ನಮ್ಮ ಶಾಲೆಯ ಕಡೆ ಫೋಟೊಗೆಂದು ಯಾರೂ ತಿರುಗಿ ನೋಡಿರಲಿಲ್ಲ. ಪ್ರತಿ ವರ್ಷ ಅದೇ ದಿನ ಬೆಳಿಗ್ಗೆ ಮಕ್ಕಳ ಮುಂದೆಯೇ ಕಾಯಿ ಇಳಿಸಿ ಸುಲಿಸುತ್ತಿದ್ದವಳು, ಈ ಸಲ ಎಲ್ಲ ಅಚ್ಚುಕಟ್ಟಾಗಿ ಕಾಣಲೆಂದು ಹಿಂದಿನ ದಿನವೇ ಸುಲಿಸಿಬಿಡೋಣ ಅಂದುಕೊಂಡೆ. ಮಕ್ಕಳಿಗೆ ಆವತ್ತು ರಜೆ ಕೊಟ್ಟಿದ್ದೆ. ಹುಡುಗಿಯ ಅಪ್ಪನಿಗೇ ಹೇಳಿಕಳಿಸಿದೆ. ಅವರು ಹಾರೆ ಹೊತ್ತುಕೊಂಡು ಬಂದರು. ಮಕ್ಕಳ ಕೆಲಸ, ಕೂಲಿ ಬೇಡ ಅಂದರು.

ನಾನು ಬಣ್ಣದ ಕಾಗದ ಕತ್ತರಿಸುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಗೋ ಕುರ್ಚಿ ಸಾಲುವುದಿಲ್ಲವೆಂದು ಜಗಳವಾಡುತ್ತಿದ್ದೆ. ಅವರು ಅಟ್ಟದಿಂದ ಕಾಯಿ ಇಳಿಸಿ ಅಂಗಳದಲ್ಲಿ ಗುಡ್ಡೆ ಹಾಕಿಕೊಂಡು, ಬಾಗಿಲಿಗೆ ಬಂದು ಕೇಳಿದರು.

“ಎಲ್ಲಾನೂ ಸುಲೀಲಾ ಮಿಸ್?”

“ಎಲ್ಲಾನೂ” ಎಂದೆ.

ಅವರು ಕೇಳಿದ್ದೂ ನಾನು ಹೇಳಿದ್ದೂ ಇವತ್ತಿಗೂ ಕಿವಿಯಲ್ಲಿದೆ. ಆಗ ಮಾತ್ರ ಏನೂ ಅನ್ನಿಸಲಿಲ್ಲ. ಮರೆತಿದ್ದೆ, ಅಷ್ಟೆ. ಮರೆಯಲು ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಸಾಕಾಗಿದ್ದೇನೆ.

ಮಾರನೆಯ ದಿನ ಅಡುಗೆಯವರು ಬೇಗ ಬಂದು ಪಾಯಸಕ್ಕಿಟ್ಟರು. ಸ್ವಲ್ಪ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಖಾಲಿಯಾಯಿತು. “ಸಿಪ್ಪೆ ಬಿದ್ದೈತಲ್ಲ ಮಿಸ್, ಹಿಂದ್ಗಡೆ ಒಲೆ ಹೂಡ್ತೀನಿ ಬುಡಿ” ಎಂದು ಅಂಗಳದ ಸಿಪ್ಪೆಯನ್ನೆಲ್ಲ ಮಂಕರಿಯಲ್ಲಿ ತುಂಬಿಕೊಂಡು ಹೋದರು. ಹತ್ತು ತಿಂಗಳು ಒಣಗಿದ ಸಿಪ್ಪೆ, ಚೆನ್ನಾಗಿ ಉರಿಯಿತು. ಏಲಕ್ಕಿಯ ವಾಸನೆ ರಸ್ತೆಯವರೆಗೂ ಬರುತ್ತಿತ್ತು.

ಹುಡುಗಿ ಅಪ್ಪನ ಜೊತೆ ಬಂದಳು. ಒಗೆದ ಯೂನಿಫಾರ್ಮ್, ಕೈಯಲ್ಲಿ ಮಡಿಸಿದ ಒಂದು ಬಟ್ಟೆಯ ಚೀಲ. ಕಾಯಿ ಮನೆಗೆ ಒಯ್ಯಲು ತಂದ ಚೀಲ. ಅದನ್ನು ಕಂಡ ಕೂಡಲೇ ನನಗೆ ನೆನಪಾಯಿತು.

ಮೇಜಿನ ಮೇಲೆ ಬೋಳುಕಾಯಿಗಳನ್ನು ಸಾಲಾಗಿ ಜೋಡಿಸಿದ್ದೆವು. ಹತ್ತೊಂಬತ್ತೂ ಒಂದೇ ಥರ. ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿಕೊಂಡು ಬಂದಳು. ಆಮೇಲೆ ಅಟ್ಟದ ಕಡೆ ನೋಡಿದಳು. ಆಮೇಲೆ ನನ್ನನ್ನು.

“ನನ್ದು ಎಲ್ಲಿಟ್ಟಿದೀರ ಮಿಸ್?”

ಕೇಳಿದವಳೇ ಸಿಪ್ಪೆ ಬಿದ್ದಿದ್ದ ಅಂಗಳಕ್ಕೆ ಓಡಿದಳು. ಅಲ್ಲಿ ಬರೀ ಪುಡಿ ಇತ್ತು. ಅಲ್ಲಿಂದ ಅಡುಗೆಮನೆಯ ಹಿಂದಕ್ಕೆ ಹೋದಳು. ನಾನು ಹೋಗಿ ನೋಡುವಷ್ಟರಲ್ಲಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೋಲಿನಿಂದ ಬೂದಿ ಕೆದಕುತ್ತಿದ್ದಳು. ಅರ್ಧ ಬೆಂದ ಒಂದು ಸಿಪ್ಪೆ ಸಿಕ್ಕಿತು. ಊದಿ, ಲಂಗದಿಂದ ಒರೆಸಿ ನೋಡಿದಳು. ಅದರ ಮೇಲೆ ಯಾವನೋ ಎರಡನೇ ತರಗತಿಯವನು ಮಾರ್ಕರಿನಲ್ಲಿ ಬರೆದ ಸೊಟ್ಟ ಅಂಕಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೆದಕಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಹತ್ತಿರ ಹೋಗುತ್ತಿದ್ದೆನೇನೋ.

ಅಷ್ಟು ಹೊತ್ತಿಗೆ ಅವಳ ಅಪ್ಪ ಬಂದರು. ಏನಾಗಿದೆಯೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು.

“ಹೇಳಿದ್ಲು ಮಿಸ್ ಇವ್ಳಮ್ಮ, ಕಾಯಿ ಮ್ಯಾಲೆ ಬರ್ದಿವ್ನಿ ಅಂತ. ಎಲ್ಲದ್ರ ಮ್ಯಾಲೂ ಗೀಟು ಇದ್ವು. ಯಾವ್ದು ಅಂತ ನಂಗೇನ್ ಗೊತ್ತಾಯ್ತದೆ? ಅದ್ಕೇ ನಿಮ್ಮನ್ನ ಕೇಳ್ದೆ, ಎಲ್ಲಾನೂ ಸುಲೀಲಾ ಅಂತ. ನೀವಾರ ಹೇಳ್ಬಾರ್ದಾಗಿತ್ತಾ ಮಿಸ್?”

ಕೋಪದ ಮಾತಲ್ಲ ಅದು. ಬೇಡಿಕೊಳ್ಳುವ ಹಾಗಿತ್ತು, ತಮ್ಮ ಕೈಯಿಂದ ಆದ ಕೆಲಸದಲ್ಲಿ ಸ್ವಲ್ಪ ಪಾಲು ನೀವೂ ತಗೊಳ್ಳಿ ಎನ್ನುವ ಹಾಗೆ. ಅಡುಗೆಯವರು ಸೌಟು ಹಿಡಿದು ನಿಂತಿದ್ದರು. ನಾಲ್ಕಾರು ಮಕ್ಕಳು, ಒಂದಿಬ್ಬರು ತಾಯಂದಿರು ಬಂದು ಸೇರಿದ್ದರು. ರಸ್ತೆಯಲ್ಲಿ ಅಧಿಕಾರಿಯ ಬೈಕಿನ ಸದ್ದು ಕೇಳುತ್ತಿತ್ತು.

“ನಂಗೂ ಗೊತ್ತಿರ್ಲಿಲ್ಲ ಕಣಪ್ಪ” ಎಂದೆ.

ಬೂದಿ ಕೆದಕುತ್ತಿದ್ದ ಕೋಲು ನಿಂತಿತು. ಹುಡುಗಿ ತಿರುಗಿ ನನ್ನನ್ನು ನೋಡಿದಳು. ಎದ್ದು, ಕೈ ತೊಳೆದುಕೊಂಡು, ಒಳಗೆ ಹೋಗಿ ಸಾಲಿನಲ್ಲಿ ಕೂತಳು.

ಕಾರ್ಯಕ್ರಮ ನಡೆಯಿತು. ಫೋಟೊ ತೆಗೆದರು. ಹದಿನಾಲ್ಕು ಕಾಯಿ ಲೊಡಲೊಡ ಅಂದವು, ಮಕ್ಕಳು ಚಪ್ಪಾಳೆ ಹೊಡೆದರು. ಅವಳ ಅಪ್ಪ ಯಾವುದಾದರೂ ಒಂದು ಕಾಯಿ ತಗೊಳ್ಳೆಂದು ಎರಡು ಸಲ ಹೇಳಿದರು. ಅವಳು ಬೇಡವೆಂದಳು. ಚೀಲವನ್ನು ಇನ್ನೊಂದು ಮಡಿಕೆ ಮಡಿಸಿ ಬೆಲ್ಟಿಗೆ ಸಿಕ್ಕಿಸಿಕೊಂಡಳು. ನಾನು ಬೀರುವಿನಿಂದ ಹಳೆಯ ವರ್ಷಗಳ ಅಂಕಪಟ್ಟಿ ಹುಡುಕಿ, ಅದರಲ್ಲಿದ್ದ ಅವಳ ಅಮ್ಮನ ಸಹಿಯನ್ನು ತೋರಿಸಿ ಇಟ್ಟುಕೋ ಎಂದು ಕೊಟ್ಟೆ. ಸಂಕೋಚದಿಂದ ತೆಗೆದುಕೊಂಡಳು. ಸಹಿ ಸಹಿಯೇ. ಅದರಲ್ಲಿ ಯಾರೂ ಯಾರಿಗೂ ಏನೂ ಹೇಳಿರುವುದಿಲ್ಲ.

ಊಟವಾದ ಮೇಲೆ ಐದನೇ ತರಗತಿಯ ನಾಲ್ವರೂ ಜಗಲಿಯ ಮೇಲೆ ಹಾಳೆ ಹರಡಿಕೊಂಡು ಪತ್ರಿಕೆ ಬರೆದರು. ಅವಳ ಅಕ್ಷರ ಚೆನ್ನಾಗಿದ್ದುದರಿಂದ ಕೊನೆಯ ಸುದ್ದಿ ಅವಳ ಪಾಲಿಗೆ ಬಂದಿತ್ತು. ಮುಗಿಸಿ ತಂದು ನನ್ನ ಮೇಜಿನ ಮೇಲಿಟ್ಟಳು. ಉಳಿದ ಮೂವರು ಹೊರಗೆ ಓಡಿದರು. ಅವಳು ಅಲ್ಲೇ ನಿಂತಳು, ನಾನು ತಿದ್ದುವುದನ್ನು ನೋಡುವ ಅಭ್ಯಾಸ ಅವಳಿಗೆ.

ಖೋಖೋ ಸುದ್ದಿಯಲ್ಲಿ ಒಂದು ದೀರ್ಘ ತಿದ್ದಿದೆ. ಪ್ರವಾಸದ ಸುದ್ದಿಯಲ್ಲಿ ಎರಡು ಒತ್ತು. ಕೆಳಗೆ ಬಂದೆ. ದುಂಡನೆಯ ಅಕ್ಷರಗಳು. ಆ ದುಂಡು ಎಲ್ಲಿಂದ ಬಂದಿದ್ದೆಂದು ನನಗೆ ಗೊತ್ತಿತ್ತು.

‘ಈ ವರ್ಷ ನಮ್ಮ ಶಾಲೆಯಲ್ಲಿ ಹತ್ತೊಂಬತ್ತು ಕಾಯಿ ಸುಲಿದರು. ಒಂದು ಕಾಯಿಯ ಸಿಪ್ಪೆಯ ಮೇಲೆ ನನ್ನ ಅಮ್ಮ ಬರೆದಿದ್ದರು. ಅದು ಸುಟ್ಟುಹೋಯಿತು. ನನ್ನ ಅಪ್ಪನಿಗೆ ಓದಲು ಬರುವುದಿಲ್ಲ. ಮಿಸ್‌ಗೆ ಗೊತ್ತಿರಲಿಲ್ಲ. ಯಾರದೂ ತಪ್ಪಿಲ್ಲ. ನಾನು ಪಾಸಾಗಿದ್ದೇನೆ.’

ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ಸಾಲು ಹೊಡೆದುಹಾಕಿದರೆ ಸಾಕಿತ್ತು. ಹೊರಗೆ ಅವಳ ಅಪ್ಪ ಹಾರೆಯನ್ನು ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. ಕಿಟಕಿಯಿಂದ ಕಾಣುತ್ತಿದ್ದರು. ಕರೆದರೆ ಕೇಳುವಷ್ಟು ದೂರ.

“ತಪ್ಪು ಐತಾ ಮಿಸ್?” ಎಂದು ಕೇಳಿದಳು.

“ಇಲ್ಲ” ಎಂದೆ.

ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತಾನೇ ಗೋಡೆಗೆ ಅಂಟಿಸಿದಳು.