ಮುಟ್ಟಿ ಅಳೆದ ಕಾಲು

ದೇವನೂರಿನಲ್ಲಿ ನಮ್ಮಪ್ಪ ಮೆಟ್ಟು ಹೊಲಿಯುತ್ತಿದ್ದಾಗ ಗಿರಾಕಿಯ ಕಾಲಿಗೆ ಕೈ ತಾಗಿಸುತ್ತಿರಲಿಲ್ಲ. ತಾಗಿಸಲು ಬಿಡುತ್ತಿರಲಿಲ್ಲ ಎನ್ನುವುದು ಸರಿಯಾದ ಮಾತು. ಅವರು ಹಸಿ ಮಣ್ಣಿನಲ್ಲಿ ಹೆಜ್ಜೆ ಇಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಆ ಗುರುತನ್ನು ದಾರದಿಂದ ಅಳೆದುಕೊಳ್ಳುತ್ತಿದ್ದ. ಬಿಗಿಯಾಯಿತು, ಸಡಿಲವಾಯಿತು ಎಂದು ಯಾರೂ ಮೆಟ್ಟು ವಾಪಸು ತಂದದ್ದನ್ನು ನಾನು ಕಂಡಿಲ್ಲ.

ಈಗ ನಂಜನಗೂಡಿನಲ್ಲಿ ನನ್ನದೇ ಅಂಗಡಿ ಇದೆ. ಬೆಲ್ಟು, ಬ್ಯಾಗು, ಚಪ್ಪಲಿ ಎಲ್ಲವನ್ನೂ ಇಲ್ಲೇ ಕತ್ತರಿಸಿ ಇಲ್ಲೇ ಹೊಲಿಯುತ್ತೇವೆ. ನನ್ನ ಜೊತೆ ಇನ್ನೂ ಇಬ್ಬರು ಹೆಂಗಸರಿದ್ದಾರೆ. ಹೆಂಗಸರು ಚರ್ಮದ ಕೆಲಸ ಮಾಡುವುದೇ ಎಂದು ಮೂಗು ಮುರಿದವರೇ ಈಗ ಮಗಳ ಕಾಲೇಜಿಗೆ ಬ್ಯಾಗು ಬೇಕು ಎಂದು ಬರುತ್ತಾರೆ. ಅಂಥವರನ್ನು ಸ್ವಲ್ಪ ಹೊತ್ತು ಕಾಯಿಸಿಯೇ ಮಾತಾಡಿಸುತ್ತೇನೆ. ಅಪ್ಪನ ಮಣ್ಣಿನ ಬದಲು ರಟ್ಟು ಬಂದಿದೆ, ದಾರದ ಬದಲು ಪೆನ್ಸಿಲ್ಲು. ಗಿರಾಕಿ ರಟ್ಟಿನ ಮೇಲೆ ನಿಂತರೆ ಪಾದದ ಸುತ್ತ ಗೆರೆ ಎಳೆಯುತ್ತಿದ್ದೆ. ಕಾಲು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ನನ್ನನ್ನು ನಾನು ಕೇಳಿಕೊಂಡಿರಲೇ ಇಲ್ಲ.

ಹೋದ ವರ್ಷ ತಿ. ನರಸೀಪುರದ ಕಡೆಯ ಒಬ್ಬ ಹಿರಿಯರನ್ನು ಅವರ ಸೊಸೆ ಕಾರಿನಲ್ಲಿ ಕರೆತಂದಳು. ಹೊಳೆ ಪಕ್ಕದಲ್ಲಿ ಗದ್ದೆ ಇರುವ ಮನೆತನ. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ತೆಗೆಸಿಕೊಂಡಿದ್ದರು. ಪೇಟೆಯ ಯಾವ ಚಪ್ಪಲಿಯೂ ಆ ಕಾಲಿಗೆ ಹೊಂದುತ್ತಿರಲಿಲ್ಲ.

"ಇನ್ನೊಂದ್ಸಲ ಗಾಯ ಆದ್ರೆ ಪಾದನೇ ತೆಗೀಬೇಕಾಯ್ತದೆ ಅಂದವ್ರೆ ಡಾಕ್ಟ್ರು," ಎಂದಳು ಸೊಸೆ.

"ಗದ್ದೆ ಗಂಟ ನಡ್ಕಂಡೋದ್ರೆ ಸಾಕು ಕಣವ್ವ ನಂಗೆ," ಎಂದರು ಹಿರಿಯರು.

ಇದು ನಮ್ಮಿಂದಲೇ ಆಗುವ ಕೆಲಸ ಎಂದು ನಾನು ಒಳಗೊಳಗೇ ಬೀಗಿದೆ. ಗೆರೆ ಎಳೆದುಕೊಂಡು, ಮೆತ್ತನೆಯ ರಬ್ಬರಿನ ಮೇಲೆ ಆಡಿನ ಚರ್ಮ ಹಾಕಿ, ಬೆರಳಿಲ್ಲದ ಕಡೆ ಪಟ್ಟಿ ಅಗಲ ಮಾಡಿ, ಹಿಮ್ಮಡಿಗೂ ಒಂದು ಪಟ್ಟಿ ಕೊಟ್ಟು ಹೊಲಿದೆ. ಚಪ್ಪಲಿ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು.

ಹತ್ತು ದಿನಕ್ಕೆ ಇಬ್ಬರೂ ವಾಪಸು ಬಂದರು. ಅಂಗಾಲಿನಲ್ಲಿ ಕಾಸಗಲ ಕೆಂಪಾಗಿತ್ತು. ಸೊಸೆ ದಿನಾ ಕಾಲು ನೋಡುತ್ತಿದ್ದುದರಿಂದ ಒಡೆಯುವ ಮೊದಲೇ ಗೊತ್ತಾಗಿತ್ತು. ನನಗೆ ಮೊದಲು ಬಂದದ್ದು ಕೋಪ. ರಟ್ಟನ್ನು ಹುಡುಕಿ ತೆಗೆದು ಅವರ ಮುಂದೆ ಹಿಡಿದು, "ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ, ನೋಡಿ," ಎಂದೆ.

"ಅಳತೆ ಸರಿಯಾಗೇ ಅದೆ ಅಕ್ಕ. ಕಾಲು ಮುಟ್ಟಿ ನೋಡಿದ್ರಾ?" ಎಂದಳು ಸೊಸೆ.

ನಾನು ರಟ್ಟನ್ನು ಕೆಳಗಿಟ್ಟೆ. ಹಿರಿಯರೇ ನಿಧಾನವಾಗಿ ಹೇಳಿದರು: "ನಮ್ಮಟ್ಟಿಗೂ ಒಬ್ರು ಬರೋರು ಮೆಟ್ಟು ಒಲಿಯೋಕೆ. ಮಣ್ಣಲ್ಲಿ ಎಜ್ಜೆ ಮಡುಗ್ಬುಟ್ಟು ದೂರ ನಿಂತ್ಕತಿದ್ದೋ. ಮುಟ್ಟುಸ್ಕತಿರ್ನಿಲ್ಲ. ತೆಪ್ಪು ನಮ್ದೇ ಕಣವ್ವ. ಈಗ ಮುಟ್ಟಿ ನೋಡು."

ಆ ಮಾತಿಗೆ ಕರಗಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಸಿಟ್ಟು ಇನ್ನೂ ಏರಿತು. ಇವರ ಕಾಲ ಬಳಿ ನೆಲದ ಮೇಲೆ ಮಾತ್ರ ಕೂರುವುದಿಲ್ಲ ಎಂದುಕೊಂಡು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಸ್ಟೂಲು ಎಳೆದೆ. "ಇದರ ಮೇಲೆ ಇಡಿ ಯಜಮಾನ್ರೇ," ಎಂದೆ. ಅವರು ಕಾಲೆತ್ತಿ ಇಟ್ಟರು.

ಒಂದು ಕೈಯಲ್ಲಿ ಪಾದವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ಅಂಗಾಲನ್ನು ಸವರುತ್ತಾ ಬಂದೆ. ಕೆಂಪಾದ ಜಾಗದ ಒಳಗೆ ಮೂಳೆ ಹುಣಸೆಬೀಜದ ಹಾಗೆ ಕೆಳಕ್ಕೆ ಉಬ್ಬಿತ್ತು. ಸುತ್ತ ಎಳೆದ ಗೆರೆಗೆ ಅದು ಸಿಗುವುದಾದರೂ ಹೇಗೆ?

"ನಾನು ಹಿಡಿದಿರೋದು ಗೊತ್ತಾಗ್ತದಾ?" ಎಂದೆ.

"ಇಡ್ಕಂಡಿದ್ದೀಯಾ?" ಎಂದರು ಅವರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಎಲ್ಲಿ ಒತ್ತುತ್ತದೆ, ಎಲ್ಲಿ ನೋಯುತ್ತದೆ ಎಂದು ಅದರ ಪರವಾಗಿ ನನ್ನ ಕೈಯೇ ತಿಳಿದುಕೊಳ್ಳಬೇಕಿತ್ತು. ಉಬ್ಬಿನ ಜಾಗಕ್ಕೆ ಸರಿಯಾಗಿ ರಬ್ಬರಿನಲ್ಲಿ ಗುಳಿ ತೋಡಿ ಚಪ್ಪಲಿಯ ತಳಕ್ಕೆ ಹೊಸ ಅಟ್ಟೆ ಕೂರಿಸಿದೆ. ಕೆಂಪು ಪೂರ್ತಿ ಹೋದ ಮೇಲೆ ಹಾಕಿ, ಮೊದಮೊದಲು ಅಂಗಳದಲ್ಲಷ್ಟೇ ನಡೆಯಿರಿ ಎಂದು ಹೇಳಿ ಕಳಿಸಿದೆ. ಆಮೇಲೆ ಎಷ್ಟೋ ದಿನ ಅಂಗಡಿ ಮುಂದೆ ಕಾರು ನಿಂತರೆ ಅವರೇ ಬಂದರೇನೋ ಎಂದು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಎರಡು ತಿಂಗಳ ಮೇಲೆ ಬಂದರು. ಒಳಗೆ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ಹೇಳುವ ಮೊದಲೇ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟರು. ಸವರಿ ನೋಡಿದೆ. ಅಂಗಾಲು ಪೂರ್ತಿ ಒಂದೇ ಬಣ್ಣಕ್ಕಿತ್ತು.

"ದಿನಾ ಗದ್ದೆಗೋಯ್ತಿನಿ," ಎಂದವರು ಆ ಗಿರಾಕಿಗಳ ಕಡೆ ತಿರುಗಿ, "ಈಯವ್ವ ಕಾಲು ಮುಟ್ಟಿ ನೋಡ್ದೆ ಒಲಿಯಾಕಿಲ್ಲ. ವಸಿ ಕಾಯ್ರಪ್ಪ," ಎಂದರು.

ನನಗೆ ಹೆಮ್ಮೆಯಾಯಿತು. ಈಗ ಯಾರೇ ಬರಲಿ, ಸ್ಟೂಲಿನ ಮೇಲೆ ಕಾಲಿಡಿಸಿ, ಮುಟ್ಟಿಯೇ ಅಳೆಯುತ್ತೇನೆ. ಅವತ್ತು ಅವರು ಹೋದ ಮೇಲೆ ಅಪ್ಪ ನೆನಪಾಗಿ ಕೆಲಸ ಸಾಗಲಿಲ್ಲ. ಜೀವಮಾನವಿಡೀ ಒಬ್ಬರ ಕಾಲನ್ನೂ ಮುಟ್ಟದೆ, ಬರೀ ಮಣ್ಣು ನೋಡಿ ಅಷ್ಟು ಚೆನ್ನಾಗಿ ಹೊಲಿದವನು. ಮುಟ್ಟಲು ಬಿಟ್ಟಿದ್ದರೆ ಇನ್ನೆಂಥ ಮೆಟ್ಟು ಮಾಡುತ್ತಿದ್ದನೋ ನಮ್ಮಪ್ಪ.