ಧೂಳು ಮಾರಿದ ಚಿಕ್ಕೇಗೌಡರು

ಚಿಕ್ಕೇಗೌಡರ ಹುಬ್ಬು ಸದಾ ಕಂದು ಬಣ್ಣಕ್ಕಿರುತ್ತಿತ್ತು. ದೇವಲಾಪುರದ ಅಂಚಿನಲ್ಲಿದ್ದ ಅವರ ತೆಂಗಿನ ನಾರಿನ ಕಾರ್ಖಾನೆಯ ಧೂಳು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಸಿಪ್ಪೆ ಬಡಿದು ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಅದು ನೆಟ್ಟಗೆ ಉರಿಯುವುದೂ ಇಲ್ಲ, ಆರುವುದೂ ಇಲ್ಲ, ವಾರಗಟ್ಟಲೆ ಹೊಗೆಯಾಡುತ್ತಿತ್ತು. ಪಕ್ಕದ ಮನೆಯ ನಾವು ಕೆಮ್ಮುತ್ತ ಬೈದರೆ, "ಬಯ್ರಿ, ಬಯ್ರಿ, ನಾನೂವೆ ಕೆಮ್ತಾ ಇವ್ನಿ" ಎನ್ನುತ್ತಿದ್ದರು. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಳ್ಳುವುದು!

ತೊಂಬತ್ತರ ದಶಕದ ನಡುವೆ ಹಾಲೆಂಡಿನ ಕಂಪನಿಯೊಂದು ಆ ಪುಡಿಯನ್ನೇ ಹುಡುಕಿಕೊಂಡು ಬಂತು. ಅದರಲ್ಲಿ ಹೂಗಿಡ ಬೆಳೆಸುತ್ತಾರಂತೆ. ಕಾರ್ಖಾನೆಗೆ ಬಂಡವಾಳ ಹಾಕಿ, ಪುಡಿಯನ್ನು ಇಟ್ಟಿಗೆಯಂತೆ ಒತ್ತುವ ಯಂತ್ರವನ್ನೂ ತಂದಿಟ್ಟರು. ಇಂಗ್ಲಿಷ್ ಮೇಷ್ಟರಾದ ನಾನೇ ದುಭಾಷಿ. "ಧೂಳ್ ಕೊಂಡ್ಕತಾರಂತೆ ಕಣ್ಲಾ! ಅವ್ರೂರಲ್ಲಿ ಮಣ್ಣೇ ಇಲ್ವಾ?" ಎಂದು ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊಗೆ ನಿಂತಿತು. ಸುಡುತ್ತಿದ್ದ ಕಸವೇ ಮಾಲಾಯಿತು. ಬೈಯುತ್ತಿದ್ದ ಊರೇ ಗೌಡರನ್ನು ಹೊಗಳಿತು. ಆದರೆ ಪುಡಿಯಲ್ಲಿನ ಉಪ್ಪಿನಂಶ ಹೋಗುವವರೆಗೂ ಅದನ್ನು ತೊಳೆಯಬೇಕಿತ್ತು. ಅದಕ್ಕಾಗಿ ಕಾರ್ಖಾನೆಯ ಬೋರ್‌ವೆಲ್ ಹಗಲೆಲ್ಲ ಓಡಿತು. ಮೊದಲ ಬೇಸಿಗೆಯಲ್ಲೇ ಊರಿನ ಕೈಪಂಪು ಗಾಳಿ ಉಗುಳತೊಡಗಿ, ಹೆಂಗಸರು ಬಿಂದಿಗೆ ಹಿಡಿದು ಕಾರ್ಖಾನೆಯ ತೊಟ್ಟಿಗೇ ಬಂದರು. ಗೌಡರು ತೊಳೆಯುವ ಕೆಲಸ ನಿಲ್ಲಿಸಿ ನೀರನ್ನು ಅವರಿಗೇ ಬಿಟ್ಟರು.

ಕಂಪನಿಯವನು ಓಡಿ ಬಂದ. ಇನ್ನೂ ಆಳಕ್ಕೆ ಕೊರೆಸೋಣ, ಖರ್ಚು ನಮ್ಮದು ಎಂದ. ಒಪ್ಪದಿದ್ದರೆ ಯಂತ್ರ ವಾಪಸ್ಸು ಹೋಗುತ್ತದೆಂದೂ ಹೇಳಿದ.

"ಅವ್ರ ಊವು ಅರಳಾಕೆ ನಮ್ಮ ಎಂಗಸ್ರು ಬಿಂದ್ಗೆ ಇಡ್ಕಂಡು ಅಲೀಬೇಕಾ? ಆಗಾಕಿಲ್ಲ ಅಂತ ಏಳ್ಲಾ!" ಎಂದು ಗೌಡರು ಗುಡುಗಿದರು.

ನೀರಿಗೆ ತೊಂದರೆಯಿದೆ, ಇವರು ಒಪ್ಪುವುದಿಲ್ಲ ಎಂದಷ್ಟೇ ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ನಾನು ಅಷ್ಟುದ್ದ ಬೈದಿವ್ನಿ, ನೀನು ಇಷ್ಟೇನಾ ಏಳೋದು?" ಎಂದು ನನ್ನ ಮೇಲೆ ರೇಗಿದರು.

ಯಂತ್ರ ಹೋಯಿತು. ಗುಡ್ಡೆ ಮತ್ತೆ ಹೊಗೆಯಾಡಿತು. ಈ ಸಲ ಬೈಯಲು ನಮಗೆ ಬಾಯಿ ಬರಲಿಲ್ಲ. ಬರಿಯ ನಾರಿನ ಸಂಪಾದನೆ ಸಾಲದೆ ಕಾರ್ಖಾನೆಯೂ ಮುಚ್ಚಿತು. ಗೌಡರು ಶ್ರೀರಂಗಪಟ್ಟಣದ ಮಗಳ ಮನೆ ಸೇರಿದರು.

ಒಮ್ಮೆ ನೋಡಲು ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. "ಎಷ್ಟೊಂದ್ ನೀರ್ ನೋಡ್ಲಾ. ಇಲ್ ಮಾಡಿದ್ರೆ ನನ್ನ ಕಾರ್ಖಾನೆ ಉಳ್ಕತಿತ್ತು" ಎಂದರು. ನಾನು ಪಕ್ಕದಲ್ಲಿ ಕೂತೆ.

ಅವರು ಕೇಳಿದರು: "ಊರ ಪಂಪಲ್ಲಿ ನೀರ್ ಬತ್ತಾ ಐತಾ?"

"ಬರ್ತಿದೆ ಗೌಡ್ರೆ."

"ಅಂಗಾದ್ರೆ ಸಾಕು ಬುಡು" ಎಂದವರು ಮುಖ ತಿರುಗಿಸಿಕೊಂಡು ಅತ್ತರು. ಆ ದಿನದ ಮೇಲೆ ನಾನು ಅವರನ್ನು ಮತ್ತೆ ಕಾಣಲಿಲ್ಲ.